ಟೋಪಿ ಹಾಕಿಸಿಕೊಳ್ಳದೆ ಸೇನೆಯ ಟೋಪಿ ಕೊಳ್ಳುವುದು ಹೇಗೆ, ತಲೆಗೆ ಕೂರಿಸುವುದು ಹೇಗೆ

ನನ್ನ ಅಣ್ಣನ ಮಗಳು ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ ಸೇನೆಯ ಸಂಪರ್ಕ ದಳ ಸಿಗ್ನಲ್ಸ್‌ಗೆ ಸೇರುವವಳಿದ್ದಳು. ಪರೇಡಿಗೆ ಇನ್ನು ಹದಿನೈದು ದಿನ. ಒಂದು ಭಾನುವಾರ ವಿಡಿಯೋ ಕಾಲ್ ಮಾಡಿದಳು. ಹೊಸ ಬೆರೆಟ್, ಅಂದರೆ ಚುಂಚಿಲ್ಲದ ಮೆತ್ತನೆಯ ಉಣ್ಣೆ ಟೋಪಿ, ತಲೆ ಮೇಲಿತ್ತು, ಮುಖದಲ್ಲಿ ಅಳು ಒಂದು ಬಾಕಿ. "ಚಿಕ್ಕಪ್ಪ, ನೋಡಿ, ತಲೆ ಮೇಲೆ ಸೆಟ್ ದೋಸೆ ಇಟ್ಕೊಂಡ ಹಾಗಿದೆ."

ಸುಳ್ಳಲ್ಲ, ಹಾಗೇ ಇತ್ತು. ಆದರೆ ಟೋಪಿಯಲ್ಲಿ ದೋಷ ಇರಲಿಲ್ಲ. ಅಂಗಡಿಯಿಂದ ತಂದ ಬೆರೆಟ್ ಅರ್ಧ ಟೋಪಿ ಅಷ್ಟೇ. ಉಳಿದ ಅರ್ಧವನ್ನು ಮನೆಯಲ್ಲಿ, ಬಿಸಿನೀರಿನಲ್ಲಿ, ನಿಮ್ಮ ತಲೆ ಮೇಲೇ ಮಾಡಿಕೊಳ್ಳಬೇಕು. ಅವತ್ತು ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದ್ದೇನೆ. ಹೊಸ ಆಫೀಸರ್‌ಗಳಿಗೆ, ಎನ್‌ಸಿಸಿ ಕೆಡೆಟ್‌ಗಳಿಗೆ, ಮಕ್ಕಳಿಗೆ ಟೋಪಿ ಹುಡುಕಿಕೊಂಡು ಅಲೆಯುವ ಅಪ್ಪ ಅಮ್ಮಂದಿರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ಒಂದು ಎಚ್ಚರಿಕೆ

ಸೇನೆಯ ಟೋಪಿ ಕಾಸು ಕೊಟ್ಟರೆ ಯಾರಿಗಾದರೂ ಸಿಗುತ್ತದೆ. ಹಾಗಂತ ಹಾಕಿಕೊಂಡು ತಿರುಗುವ ಹಕ್ಕು ಎಲ್ಲರಿಗೂ ಇಲ್ಲ. ಸೈನಿಕ ಅಲ್ಲದವರು, ಜನ ತಮ್ಮನ್ನು ಸೈನಿಕ ಅಂದುಕೊಳ್ಳಲಿ ಎಂಬ ಉದ್ದೇಶದಿಂದ ಆ ಉಡುಪು ಅಥವಾ ಗುರುತು ಧರಿಸಿದರೆ ಅದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ 3 ತಿಂಗಳ ತನಕ ಸಜೆ, ಇಲ್ಲವೇ 2,000 ರೂಪಾಯಿ ತನಕ ದಂಡ, ಅಥವಾ ಎರಡೂ. 2016ರಲ್ಲಿ ಪಠಾಣ್‌ಕೋಟ್ ದಾಳಿ ಆದ ಮೇಲೆ, ಸೇನೆಯ ಮಾದರಿಯ ಬಟ್ಟೆ ಹಾಕಬೇಡಿ ಎಂದು ಸೇನೆಯೇ ಜನರನ್ನು ಕೇಳಿಕೊಂಡಿತ್ತು.

ನಾಟಕಕ್ಕೆ, ಶಾಲೆಯ ಫ್ಯಾನ್ಸಿ ಡ್ರೆಸ್‌ಗೆ ಬೇಕಾದರೆ ಸುಮ್ನೆ ಬಣ್ಣದ ಬೆರೆಟ್ ತನ್ನಿ, ಅಸಲಿ ಬ್ಯಾಡ್ಜ್ ಹಾಕಬೇಡಿ. ಕಾರ್ಯಕ್ರಮ ಮುಗಿದ ಮೇಲೆ ಅದನ್ನೇ ಹಾಕಿಕೊಂಡು ಬಸ್ ಹತ್ತುವುದಂತೂ ಬೇಡವೇ ಬೇಡ.

ನಿಮಗೆ ಬೇಕಾದದ್ದು ಯಾವ ಟೋಪಿ?

ಆಫೀಸರ್ ಅಂದ ತಕ್ಷಣ ಹೆಚ್ಚಿನವರ ಕಣ್ಣಿಗೆ ಬರುವುದು ಮುಂದೆ ಹೊಳೆಯುವ ಚುಂಚು ಇರುವ ಪೀಕ್ ಕ್ಯಾಪ್. ಸೇನೆಯಲ್ಲಿ ಬಾಯಿಮಾತಿಗೆ ಅದು 'ಪಿ ಕ್ಯಾಪ್'. ಆದರೆ ದಿನದ ಕೆಲಸದ ಟೋಪಿ ಬೆರೆಟ್. ಕೆಲವರು ಬೆರೆ ಅನ್ನುತ್ತಾರೆ, ಅದೇ ಸರಿಯಾದ ಉಚ್ಚಾರ. ಅಂಗಡಿಯಲ್ಲಿ ಮಾತ್ರ ಬೆರೆಟ್ ಅನ್ನಿ, ಬೇಗ ತೆಗೆದುಕೊಡುತ್ತಾರೆ. ಇವೆರಡರ ಜೊತೆಗೆ ಮಡಚಿ ಇಡಬಹುದಾದ ಸೈಡ್ ಕ್ಯಾಪ್ ಇದೆ. ಗೂರ್ಖಾ ರೈಫಲ್ಸ್‌ನವರಿಗೆ ಅವರದೇ ಅಗಲ ಅಂಚಿನ ಹ್ಯಾಟ್. ಸಿಖ್ಖರಿಗೆ ಪಗಡಿ, ಅದರ ಮೇಲೇ ಬ್ಯಾಡ್ಜ್.

ಬೆರೆಟ್‌ನ ಕಥೆ ಸ್ವಾರಸ್ಯವಾಗಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಟ್ಯಾಂಕ್ ಪಡೆಯವರು ಫ್ರಾನ್ಸಿನ ಪರ್ವತ ಸೈನಿಕರ ತಲೆ ಮೇಲೆ ಇದನ್ನು ನೋಡಿದರು. ಟ್ಯಾಂಕಿನ ಒಳಗೆ ಚುಂಚಿನ ಟೋಪಿ ಎಲ್ಲೆಂದರಲ್ಲಿ ತಾಗುತ್ತದೆ. ಬೆರೆಟ್‌ಗೆ ಆ ಕಾಟ ಇಲ್ಲ. ಕಪ್ಪು ಬಣ್ಣ ಆದರೆ ಎಣ್ಣೆ ಕಲೆಯೂ ಕಾಣುವುದಿಲ್ಲ. 1924ರಲ್ಲಿ ಅದಕ್ಕೆ ರಾಜನ ಒಪ್ಪಿಗೆ ಸಿಕ್ಕಿತು. ಇವತ್ತಿಗೂ ನಮ್ಮ ಟ್ಯಾಂಕ್ ಪಡೆ ಆರ್ಮರ್ಡ್ ಕೋರ್‌ನವರ ಬೆರೆಟ್ ಕಪ್ಪೇ.

ಬಣ್ಣದಲ್ಲಿ ಮಾತ್ರ ಎಡವಬೇಡಿ. ಪ್ಯಾರಾಶೂಟ್ ರೆಜಿಮೆಂಟ್‌ಗೆ ಮರೂನ್, ಮಿಲಿಟರಿ ಪೊಲೀಸರಿಗೆ ಕೆಂಪು, ಪದಾತಿ ದಳದ ಹೆಚ್ಚಿನ ರೆಜಿಮೆಂಟ್‌ಗಳಿಗೆ ಕಡು ಹಸಿರು. ಈ ಹಸಿರಿಗೆ ರೈಫಲ್ ಗ್ರೀನ್ ಎಂದು ಹೆಸರು. ಇಂಜಿನಿಯರ್ಸ್, ಸಿಗ್ನಲ್ಸ್, ಆರ್ಟಿಲರಿಗೆ ಕಡುನೀಲಿ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಡುನೀಲಿಯೂ ಕಪ್ಪೂ ಒಂದೇ ಥರ ಕಾಣುತ್ತವೆ. ಟೋಪಿ ಹಿಡಿದುಕೊಂಡು ಅಂಗಡಿಯ ಬಾಗಿಲಿಗೆ ಬನ್ನಿ, ಬಿಸಿಲಲ್ಲಿ ನೋಡಿ. ಅಂಗಡಿಯವರು ಗೊಣಗಿದರೂ ಪರವಾಗಿಲ್ಲ.

ದೊಡ್ಡ ಹುದ್ದೆಯವರಿಗೆ ಒಂದು ಮಾತು. 2023ರ ಆಗಸ್ಟ್ 1ರಿಂದ ಬ್ರಿಗೇಡಿಯರ್ ಮತ್ತು ಮೇಲಿನವರಿಗೆಲ್ಲ ಒಂದೇ ಬಗೆಯ ಸಮವಸ್ತ್ರ, ಟೋಪಿಯೂ ಸೇರಿ. ಅಲ್ಲಿಗೆ ಏರಿದ ಮೇಲೆ ರೆಜಿಮೆಂಟ್‌ನ ಬಣ್ಣ ಬಿಟ್ಟುಕೊಡಬೇಕು. ಹಳೇ ಬೆರೆಟ್ ಬೀರುವಿಗೆ ಸೇರುತ್ತದೆ.

ತಲೆ ಅಳತೆ

ದರ್ಜಿಯ ಟೇಪು ತನ್ನಿ. ಹುಬ್ಬಿನಿಂದ ಎರಡು ಬೆರಳು ಮೇಲೆ ಹಣೆಗೆ ಇಟ್ಟು, ಕಿವಿಗಳ ಮೇಲಿಂದ ಸಾಗಿ, ಹಿಂತಲೆಯ ಉಬ್ಬಿನ ಮೇಲೆ ಸುತ್ತಿ ತನ್ನಿ. ಬಿಗಿ ಬೇಡ, ಜಾರುವಷ್ಟು ಸಡಿಲವೂ ಬೇಡ. ಮೂರು ಸಲ ಅಳೆಯಿರಿ. ಮೂರು ಸಲ ಮೂರು ಅಳತೆ ಬರುವುದೇ ಜಾಸ್ತಿ, ನಡುವಿನದನ್ನು ಹಿಡಿಯಿರಿ. ಸೆಂಟಿಮೀಟರಿನಲ್ಲಿ ಬಂದ ಸಂಖ್ಯೆಯೇ ನಿಮ್ಮ ಸೈಜು: 56, 57, 58 ಹೀಗೆ.

ಕಟಿಂಗ್ ಮಾಡಿಸಿದ ಮೇಲೆ ಅಳೆಯಿರಿ. ಸೇನೆಯ ಕ್ಷೌರ ಆದ ಮೇಲೆ ತಲೆಯ ಸುತ್ತಳತೆಯಲ್ಲಿ ಆಗುವ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದು. ಹೆಣ್ಣುಮಕ್ಕಳು ಜುಟ್ಟು ಕಟ್ಟುವ ಹಾಗೆ ಕಟ್ಟಿಕೊಂಡೇ ಅಳೆಯಬೇಕು. ತುರುಬು ಕೆಳಗೆ, ಕತ್ತಿನ ಹತ್ತಿರ ಇರಲಿ. ಮೇಲೆ ಕಟ್ಟಿದರೆ ಟೋಪಿ ಹಿಂದಿನಿಂದ ಎದ್ದು ನಿಲ್ಲುತ್ತದೆ. ನಮ್ಮ ಹುಡುಗಿಯ ಸೆಟ್ ದೋಸೆಗೆ ಅರ್ಧ ಕಾರಣ ಈ ತುರುಬೇ.

ಎರಡು ಸೈಜಿನ ನಡುವೆ ಸಿಕ್ಕಿಕೊಂಡರೆ ಬೆರೆಟ್ ದೊಡ್ಡದನ್ನು ತೆಗೆದುಕೊಳ್ಳಿ. ಉಣ್ಣೆ ನೀರಿಗೆ ಬಿದ್ದರೆ ಒಂದಿಷ್ಟು ಕುಗ್ಗುತ್ತದೆ, ಹಿಂದೆ ಬಿಗಿ ಮಾಡಲು ರಿಬ್ಬನ್ನೂ ಇರುತ್ತದೆ.

ಅಂಗಡಿಯಲ್ಲಿ ಏನು ನೋಡಬೇಕು

ಕಂಟೋನ್ಮೆಂಟ್ ಇದ್ದಲ್ಲೆಲ್ಲ ಮಿಲಿಟರಿ ಸಾಮಾನಿನ ಅಂಗಡಿಗಳ ಒಂದು ಸಾಲು ಇದ್ದೇ ಇರುತ್ತದೆ. ದೆಹಲಿ ಕಂಟೋನ್ಮೆಂಟಿನ ಗೋಪಿನಾಥ್ ಬಜಾರ್ ಇದಕ್ಕೆ ಹೆಸರುವಾಸಿ. ಡೆಹ್ರಾಡೂನ್‌ನಲ್ಲಿ ಮಿಲಿಟರಿ ಅಕಾಡೆಮಿ ಇರುವುದರಿಂದ ಅಲ್ಲಿನ ದರ್ಜಿಗಳಿಗೆ ಈ ಕೆಲಸ ಕೈಗಂಟಿದ್ದು. ನಮ್ಮಲ್ಲಿ ಬೆಂಗಳೂರು, ಬೆಳಗಾವಿಯಂಥ ಸೇನೆಯ ಊರುಗಳಲ್ಲಿ ಹುಡುಕಿ. ಆನ್‌ಲೈನ್ ಕೂಡ ಆಗುತ್ತದೆ, ಆದರೆ ಮೊದಲ ಟೋಪಿಯನ್ನು ಕೈಯಲ್ಲಿ ಮುಟ್ಟಿ ನೋಡಿಯೇ ಕೊಳ್ಳಿ ಎನ್ನುವವನು ನಾನು.

ಯಾಕೆ ಅಂದರೆ ಇಲ್ಲಿ ಎಲ್ಲವೂ ಉಣ್ಣೆಯ ಮೇಲೆ ನಿಂತಿದೆ. ಅಂಗಡಿಯಲ್ಲಿ ಎರಡು ಥರದ ಬೆರೆಟ್ ಇರುತ್ತವೆ: ಶುದ್ಧ ಉಣ್ಣೆಯದು, ಅಕ್ರಿಲಿಕ್ ಬೆರೆಸಿದ್ದು. ಎರಡನೆಯದು ಅಗ್ಗ, ನೋಡಲು ನುಣುಪಾಗಿಯೂ ಇರುತ್ತದೆ. ಆದರೆ ಎಷ್ಟು ನೀರಲ್ಲಿ ನೆನೆಸಿದರೂ ಆಕಾರ ಹಿಡಿಯುವುದಿಲ್ಲ. ಕೈಯಲ್ಲಿ ಹಿಂಡಿ ಬಿಟ್ಟರೆ ಸ್ಪಂಜಿನ ಹಾಗೆ ಪುಟಿದು ಎದ್ದೇಳುತ್ತದೆ. ಅನುಮಾನ ಇದ್ದರೆ ಒಳಭಾಗದಿಂದ ನಾಲ್ಕು ಎಳೆ ಕಿತ್ತು ಕಡ್ಡಿ ಗೀರಿ ಸುಡಿ. ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಬೂದಿ ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿ ಆಗುತ್ತದೆ.

ಬಣ್ಣ ಬಿಡುತ್ತದಾ ಅನ್ನುವುದನ್ನೂ ನೋಡಿ. ಒದ್ದೆ ಮಾಡಿದ ಬಿಳಿ ಕರ್ಚೀಫಿನಿಂದ ಟೋಪಿಯ ಒಂದು ಮೂಲೆ ಉಜ್ಜಿದರೆ ಸಾಕು. ನಾನು ಇದನ್ನು ಕಲಿತದ್ದು ಎಲ್ಲರ ಎದುರಿಗೆ. ಹೊಸದಾಗಿ ಸೇರಿದ್ದೆ. ಗೇಟಿನ ಹೊರಗಿನ ಒಂದು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತಂದ ಬೆರೆಟ್. ಬೆಳಗಿನ ಪರೇಡಿನಲ್ಲಿ ಮಳೆ ಶುರುವಾಯಿತು. ಅಲುಗಾಡುವ ಹಾಗಿಲ್ಲ. ಹಣೆಯಿಂದ ನೀಲಿ ನೀರು ಇಳಿದು, ಮೂಗಿನ ತುದಿಗೆ ಬಂದು, ತೊಟ್ಟು ತೊಟ್ಟಾಗಿ ಅಂಗಿ ಮೇಲೆ ಬೀಳುತ್ತಿತ್ತು. ಎದುರಿಗೆ ನಿಂತ ಸುಬೇದಾರ್ ಸಾಹೇಬರು ನಗು ತಡೆಯಲು ಪಟ್ಟ ಕಷ್ಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕೆಳಗಿನ ಪಟ್ಟಿ ಚರ್ಮದ್ದಾಗಿರಲಿ. ರೆಕ್ಸಿನ್ ಪಟ್ಟಿ ನಮ್ಮ ಸೆಖೆಗೆ ಒಂದೇ ವರ್ಷದಲ್ಲಿ ಸಿಪ್ಪೆ ಏಳುತ್ತದೆ. ಒಳಗೆ ಎಡಗಡೆ, ಬ್ಯಾಡ್ಜ್ ನಿಲ್ಲಲು ಒಂದು ಗಟ್ಟಿ ತುಂಡು ಹೊಲಿದಿರುತ್ತಾರೆ. ಅದು ಇಲ್ಲದ ಬೆರೆಟ್ ಬೇಡ.

ಬೆರೆಟ್‌ಗೆ ಆಕಾರ ಕೊಡುವುದು

ಒಂದು ಸಂಜೆ ಪೂರ್ತಿ ಬಿಡುವು ಮಾಡಿಕೊಳ್ಳಿ. ಗಡಿಬಿಡಿಯಲ್ಲಿ ಆಗುವ ಕೆಲಸ ಅಲ್ಲ.

ಮೊದಲು ಒಣ ಟೋಪಿಯ ಮೇಲೆ ಕೈ ಆಡಿಸಿ. ನವಿರಾದ ಜುಂಗು ಎದ್ದಿರುತ್ತದೆ. ಮೊಣಕಾಲಿನ ಮೇಲೆ ಬೆರೆಟ್ ಅನ್ನು ಬಿಗಿಯಾಗಿ ಎಳೆದು ಹಿಡಿದು, ಹೊಸ ರೇಜರ್‌ನಿಂದ ಒಂದೇ ದಿಕ್ಕಿಗೆ ಹಗುರವಾಗಿ ಹೆರೆಯಿರಿ, ಗಡ್ಡ ತೆಗೆದ ಹಾಗೆ. ಒತ್ತಿದರೆ ತೂತು ಬೀಳುತ್ತದೆ. ಲೈಟರ್ ಹಿಡಿದು ಜುಂಗು ಸುಡುವ ವೀರರಿದ್ದಾರೆ, ಅವರ ಮಾತು ಕೇಳಬೇಡಿ. ಒಳಗೆ ಹೊಳೆಯುವ ಅಸ್ತರಿ ಇದ್ದರೆ ಸಣ್ಣ ಕತ್ತರಿಯಿಂದ ಹೊಲಿಗೆಗೆ ಹತ್ತಿರ ಕತ್ತರಿಸಿ ತೆಗೆಯಬಹುದು. ಅಸ್ತರಿ ಇಲ್ಲದಿದ್ದರೆ ಬಟ್ಟೆ ತಲೆಗೆ ಇನ್ನೂ ಅಂಟಿಕೊಂಡು ಕೂರುತ್ತದೆ. ಗಟ್ಟಿ ತುಂಡಿಗೆ ಮಾತ್ರ ಕತ್ತರಿ ತಾಗಬಾರದು.

ಈಗ ಎರಡು ಪಾತ್ರೆ. ಒಂದರಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು. ಬಿಸಿ ಅಂದರೆ ಸ್ನಾನಕ್ಕೆ ತೋಡಿಕೊಳ್ಳುವಷ್ಟು, ಕೈ ಇಟ್ಟರೆ ತಡೆಯಬೇಕು. ಕುದಿಯುವ ನೀರಿಗೆ ಹಾಕಿದರೆ ಟೋಪಿ ನಿಮ್ಮ ತಂಗಿಯ ಗೊಂಬೆಗೆ ಆಗುತ್ತದೆ. ಚರ್ಮದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಉಣ್ಣೆಯ ಭಾಗವನ್ನಷ್ಟೇ ಬಿಸಿನೀರಿನಲ್ಲಿ ಮುಳುಗಿಸಿ. ಚೆನ್ನಾಗಿ ನೆನೆದ ಮೇಲೆ ತಣ್ಣೀರಿಗೆ ಅದ್ದಿ ತೆಗೆಯಿರಿ. ಬಟ್ಟೆ ಹಿಂಡುವ ಹಾಗೆ ತಿರುಚಬೇಡಿ. ಹಳೇ ಟವೆಲಿನ ನಡುವೆ ಇಟ್ಟು ಅಂಗೈಯಿಂದ ಒತ್ತಿ. ನೀರು ತೊಟ್ಟಿಕ್ಕುವುದು ನಿಂತರೆ ಸಾಕು.

ಕನ್ನಡಿ ಮುಂದೆ ನಿಂತು ಹಾಕಿಕೊಳ್ಳಿ. ಪಟ್ಟಿ ಸುತ್ತಲೂ ನೇರವಾಗಿರಲಿ, ಹುಬ್ಬಿನಿಂದ ಎರಡು ಬೆರಳು ಮೇಲೆ. ರಿಬ್ಬನ್ ಗಂಟು ಹಿಂತಲೆಯ ಸರಿ ನಡುವೆ. ಗಟ್ಟಿ ತುಂಡು ಎಡಗಣ್ಣಿನ ಮೇಲೆ. ಎಡಗೈಯ ಬೆರಳುಗಳಿಂದ ಅದನ್ನು ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡು, ಬಲಗೈಯಿಂದ ಉಳಿದ ಬಟ್ಟೆಯನ್ನೆಲ್ಲ ಬಲಕ್ಕೆ, ಕೆಳಕ್ಕೆ, ಕಿವಿಯ ಕಡೆಗೆ ಎಳೆಯಿರಿ. ಮೇಲ್ಭಾಗವನ್ನು ಅಂಗೈಯಿಂದ ಸವರುತ್ತಾ ಒತ್ತಿ. ಒಳಗೆ ಗಾಳಿ ಉಳಿದು ಗುಳ್ಳೆ ಎದ್ದಿದ್ದರೆ ಮತ್ತೆ ಎಳೆಯಿರಿ. ಎಡಗಡೆ ಬ್ಯಾಡ್ಜಿನ ಜಾಗ ಗೋಡೆಯ ಹಾಗೆ ನಿಲ್ಲಬೇಕು, ಬಲಗಡೆ ಬಟ್ಟೆ ಇಳಿಜಾರಾಗಿ ಬೀಳಬೇಕು.

ಫ್ರೆಂಚ್ ಸೈನಿಕರ ಫೋಟೋ ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಅವರಲ್ಲಿ ಹೆಚ್ಚಿನವರು ಎಡಕ್ಕೆ ಎಳೆಯುತ್ತಾರೆ, ಬ್ಯಾಡ್ಜ್ ಬಲಕ್ಕೆ ಬರುತ್ತದೆ. ನಮ್ಮದು ಬ್ರಿಟಿಷರಿಂದ ಬಂದ ಪದ್ಧತಿ, ಬಲಕ್ಕೇ.

ಹಾಗೇ ಒಂದು ಗಂಟೆ ತಲೆ ಮೇಲಿರಲಿ. ಮನೆಯವರು ನಗುತ್ತಾರೆ, ನಗಲಿ. ಆಮೇಲೆ ಆಕಾರ ಕೆಡದ ಹಾಗೆ ತೆಗೆದು, ಬೋರಲು ಹಾಕಿದ ಡಬರಿಯ ಮೇಲೆ ಕೂರಿಸಿ ಫ್ಯಾನಿನ ಕೆಳಗೆ ಇಡಿ. ಡಬರಿಯ ಸುತ್ತಳತೆ ನಿಮ್ಮ ತಲೆಯದೇ ಇರಬೇಕು. 57 ಸೈಜಿನ ತಲೆಗೆ ಸುಮಾರು 18 ಸೆಂಟಿಮೀಟರ್ ಅಗಲದ ಡಬರಿ ಸರಿಹೋಗುತ್ತದೆ. ಬಿಸಿಲಲ್ಲಿ ಇಟ್ಟರೆ ಬಣ್ಣ ಮಾಸುತ್ತದೆ, ಚರ್ಮ ಬಿರಿಯುತ್ತದೆ. ಹೇರ್ ಡ್ರೈಯರ್ ಕೂಡ ಬೇಡ.

ಮಾರನೇ ದಿನ ಹಾಕಿ ನೋಡಿ. ಮೊದಲ ಸಲಕ್ಕೇ ಪೂರ್ತಿ ಬರುವುದು ಕಡಿಮೆ. ಎರಡು ಮೂರು ಸಲ ಇದನ್ನೇ ಮಾಡಬೇಕಾಗುತ್ತದೆ. ಅದಕ್ಕೇ ಪರೇಡಿನ ಹಿಂದಿನ ರಾತ್ರಿ ಟೋಪಿ ಕೊಳ್ಳಬೇಡಿ ಅನ್ನುವುದು. ಆಕಾರ ಒಪ್ಪಿಗೆಯಾದ ಮೇಲೆ ರಿಬ್ಬನ್ನು ಎಳೆದು ಗಂಟು ಹಾಕಿ, ತುದಿ ಕತ್ತರಿಸಿ ಪಟ್ಟಿಯ ಒಳಗೆ ತೂರಿಸಿ. ರಿಬ್ಬನ್ ಬಾಲ ಹೊರಗೆ ಇಣುಕಿದರೆ ಡ್ರಿಲ್ ಉಸ್ತಾದರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಬ್ಯಾಡ್ಜ್

ಬ್ಯಾಡ್ಜ್ ಚುಚ್ಚುವುದು ಆಕಾರ ಬಂದ ಮೇಲೆ, ಮುಂಚೆ ಅಲ್ಲ. ಒದ್ದೆ ಉಣ್ಣೆಯ ಜೊತೆ ಹಿತ್ತಾಳೆ ಇದ್ದರೆ ಹಸಿರು ಕಿಲುಬು ಹತ್ತುತ್ತದೆ. ಬೆರೆಟ್ ಹಾಕಿಕೊಂಡು, ಎಡಗಣ್ಣಿನ ನೇರಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ದಬ್ಬಳದಿಂದ ಸಣ್ಣ ತೂತು ಮಾಡಿ. ಕತ್ತರಿಯಿಂದ ಸೀಳಬೇಡಿ, ತೂತು ದಿನೇ ದಿನೇ ಹಿಗ್ಗುತ್ತದೆ. ಹಿಂದಿನ ಪಿನ್ನು ಹಣೆಗೆ ಚುಚ್ಚದ ಹಾಗೆ ಒಳಗೆ ದಪ್ಪ ಬಟ್ಟೆಯ ತುಂಡು ಇಡಿ. ಗ್ರೆನೇಡಿಯರ್ಸ್‌ನ ಬಿಳಿ ಗರಿಯಂಥ ಹ್ಯಾಕಲ್ ಇರುವ ಪಡೆಯವರು ಅದನ್ನು ಬ್ಯಾಡ್ಜಿನ ಹಿಂದೆ ನೆಟ್ಟಗೆ ಸಿಕ್ಕಿಸಬೇಕು. ವಾಲಿದ ಹ್ಯಾಕಲ್ ಜಗಳ ಸೋತ ಹುಂಜದ ಹಾಗೆ ಕಾಣುತ್ತದೆ.

ಲೋಹಕ್ಕೆ ಹೊಳಪು ಕೊಡುವ ಬ್ರಾಸೋ ಹಚ್ಚಿ ಉಜ್ಜುವುದಾದರೆ ಬ್ಯಾಡ್ಜ್ ಕಳಚಿಯೇ ಉಜ್ಜಿ. ಟೋಪಿಯ ಮೇಲೇ ಉಜ್ಜಿದರೆ ಸುತ್ತಲೂ ಬಿಳಿ ಉಂಗುರ ಬೀಳುತ್ತದೆ, ಅದು ಹೋಗುವುದಿಲ್ಲ.

ಪೀಕ್ ಕ್ಯಾಪ್

ಇದರಲ್ಲಿ ನೀವು ಮಾಡುವ ಕೆಲಸ ಕಡಿಮೆ, ಕೊಳ್ಳುವಾಗಿನ ಎಚ್ಚರ ಜಾಸ್ತಿ. ಬೆರೆಟ್ ಹಾಗೆ ಇದಕ್ಕೆ ರಿಬ್ಬನ್ ಇಲ್ಲ. ಹಾಕಿಕೊಂಡು ತಲೆ ಬಗ್ಗಿಸಿ, ಆಚೆ ಈಚೆ ಆಡಿಸಿ. ಬೀಳಬಾರದು, ಹಾಗಂತ ತೆಗೆದಾಗ ಹಣೆ ಮೇಲೆ ಕೆಂಪು ಗೆರೆ ಉಳಿಯುವಷ್ಟು ಬಿಗಿಯೂ ಇರಬಾರದು. ಚೂರು ಸಡಿಲ ಇದ್ದರೆ ಚರ್ಮದ ಪಟ್ಟಿಯ ಹಿಂದೆ ತೆಳು ಫೋಮ್ ಪಟ್ಟಿ ಸೇರಿಸಬಹುದು. ಬಿಗಿ ಇದ್ದರೆ ಏನೂ ಮಾಡಲಾಗದು, ಬೇರೆ ತೆಗೆದುಕೊಳ್ಳಿ.

ಮೇಲ್ಭಾಗ ಬಿಗಿಯಾಗಿ ನಿಲ್ಲಲು ಒಳಗೆ ತಂತಿಯ ಬಳೆ ಇರುತ್ತದೆ. ಬೆರಳಿಂದ ತಡವಿ ನೋಡಿ, ಎಲ್ಲೂ ಸೊಟ್ಟ ಇರಬಾರದು. ಎದುರಿನಿಂದ ಕ್ಯಾಪನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬ್ಯಾಡ್ಜ್ ಮತ್ತು ಚುಂಚಿನ ನಡು ಒಂದೇ ಗೆರೆಯಲ್ಲಿ ಇದೆಯಾ ಎಂದು ನೋಡಿ. ಎಷ್ಟೋ ಕ್ಯಾಪುಗಳಲ್ಲಿ ಅರ್ಧ ಬೆರಳು ಆಚೆ ಈಚೆ ಇರುತ್ತದೆ. ಕನ್ನಡಿಯಲ್ಲಿ ಗೊತ್ತಾಗುವುದಿಲ್ಲ, ಫೋಟೋದಲ್ಲಿ ಜನ್ಮಪೂರ್ತಿ ಕಾಣುತ್ತದೆ.

ಜರಿ ಕಸೂತಿಯ ಬ್ಯಾಡ್ಜ್ ಬೇಕಾದರೆ ಬನಾರಸ್ಸಿನ ಕೈಕೆಲಸ ಕೇಳಿ. ಅಲ್ಲಿನ ಜರ್ದೋಸಿ ಕುಶಲಿಗಳು ಹೊರದೇಶದ ಸೇನೆಗಳಿಗೂ ಬ್ಯಾಡ್ಜ್ ಮಾಡಿ ಕಳಿಸುತ್ತಾರೆ. ಜರಿಗೆ ಬ್ರಾಸೋ ತಾಗಿಸಬೇಡಿ, ಸೆಂಟ್ ಕೂಡ ಹತ್ತಿರ ಹೊಡೆದುಕೊಳ್ಳಬೇಡಿ. ಕಪ್ಪಾಗುತ್ತದೆ.

ಹಾಕುವುದು ನೇರವಾಗಿ. ಇಲ್ಲಿ ವಾಲಿಸುವ ಶೋಕಿ ಇಲ್ಲ. ಎರಡು ಕೈಯಲ್ಲೂ ಹಿಡಿದು ಮುಂದಿನಿಂದ ಹಿಂದಕ್ಕೆ ಇಳಿಸಿ. ತೆಗೆಯುವಾಗ ಚುಂಚನ್ನು ಹಿಡಿದು ಎಳೆಯಬೇಡಿ, ಹೊಳಪಿನ ಮೇಲೆ ಬೆರಳಚ್ಚು ಕೂರುತ್ತದೆ. ಕೋಣೆಯ ಒಳಗೆ ಹೋದ ಮೇಲೆ ಎಡ ತೋಳಿನ ಕೆಳಗೆ ಇಟ್ಟುಕೊಳ್ಳಿ, ಬಲಗೈ ಖಾಲಿ ಇರಲಿ. ಇನ್ನೊಂದು ವಿಷಯ ಮನೆಯವರಿಗೂ ಗೊತ್ತಿರಲಿ: ನಮ್ಮ ಸೇನೆಯಲ್ಲಿ ತಲೆ ಮೇಲೆ ಟೋಪಿ ಇಲ್ಲದಿದ್ದರೆ ಸೆಲ್ಯೂಟ್ ಹೊಡೆಯುವುದಿಲ್ಲ, ಸಾವಧಾನ ನಿಲ್ಲುತ್ತೇವೆ. ಬರಿತಲೆಯ ಆಫೀಸರ್‌ಗೆ "ಒಂದು ಸೆಲ್ಯೂಟ್ ಹೊಡಿ, ಫೋಟೋ ತೆಗೀತೀನಿ" ಅನ್ನುವ ಸೋದರಮಾವಂದಿರು ಪ್ರತಿ ಪರೇಡಿನಲ್ಲೂ ಇರುತ್ತಾರೆ.

ಗೂರ್ಖಾ ಹ್ಯಾಟ್

ಮಾಣೆಕ್ ಶಾ ಅವರ ಫೋಟೋಗಳಲ್ಲಿ ಇದನ್ನು ಎಲ್ಲರೂ ನೋಡಿರುತ್ತೀರಿ. ದಪ್ಪ ಫೆಲ್ಟ್, ಬಲಕ್ಕೆ ಚೆನ್ನಾಗಿ ವಾಲಿರುತ್ತದೆ. ಪಟ್ಟಿ ಗದ್ದದ ಕೆಳಗಲ್ಲ, ಕೆಳದುಟಿಯ ಕೆಳಗೆ ಬರುತ್ತದೆ. ವಾಲಿಕೆ ಎಷ್ಟು ಅನ್ನುವುದನ್ನು ರೆಜಿಮೆಂಟ್‌ನ ಹಿರಿಯರಿಂದಲೇ ಕಲಿಯಬೇಕು. ಅಂಗಡಿಯವರು ಹೇಳಿದ್ದನ್ನು ನಂಬಬೇಡಿ.

ಹಳೆಯ ಟೋಪಿ ಕೊಳ್ಳುವವರಿಗೆ

ಸಂಗ್ರಹದ ಹುಚ್ಚು ಇರುವವರಿಗೆ ಹಳೇ ಸಾಮಾನಿನ ಅಂಗಡಿಗಳಲ್ಲಿ 'ಬ್ರಿಟಿಷರ ಕಾಲದ್ದು' ಎಂದು ಏನೇನೋ ಕೊಡುತ್ತಾರೆ. ಬ್ಯಾಡ್ಜ್ ನೋಡಿ. ಕಿರೀಟ ಇದ್ದರೆ ಅದು 1950ಕ್ಕೆ ಮುಂಚಿನ ವಿನ್ಯಾಸ. ಗಣರಾಜ್ಯ ಆದ ಮೇಲೆ ಕಿರೀಟ ಹೋಗಿ ಅಶೋಕನ ಸಿಂಹ ಬಂತು. ಸಿಂಹದ ಬ್ಯಾಡ್ಜ್ ಹಾಕಿದ ಟೋಪಿಯನ್ನು ಎರಡನೇ ಮಹಾಯುದ್ಧದ್ದು ಅಂದರೆ ನಿಮಗೆ ಟೋಪಿ ಹಾಕುತ್ತಿದ್ದಾರೆ ಅಂತಲೇ ಅರ್ಥ. ಕಿರೀಟ ಇದ್ದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ನಿನ್ನೆ ಎರಕ ಹೊಯ್ದದ್ದೂ ಇರಬಹುದು. ಒಳಗಿನ ಚರ್ಮದ ಪಟ್ಟಿ ನೋಡಿ. ನಿಜವಾಗಿ ಹಾಕಿಕೊಂಡ ಟೋಪಿಯಲ್ಲಿ ಹಣೆಯ ಕಡೆ ಬೆವರಿನ ಕಪ್ಪು ಜಾಸ್ತಿ, ಹಿಂದೆ ಕಡಿಮೆ. ನಕಲಿ ಮಾಡುವವರು ಚಹಾ ಡಿಕಾಕ್ಷನ್ ಬಳಿದಿದ್ದರೆ ಕಲೆ ಸುತ್ತಲೂ ಒಂದೇ ಸಮ ಇರುತ್ತದೆ. ಸೋಲಾ ಟೋಪಿ ಆದರೆ ಎತ್ತಿ ನೋಡಿ. ಬೆಂಡಿನಂಥ ಸೋಲಾ ಗಿಡದ ತಿರುಳಿನಿಂದ ಮಾಡಿದ್ದು ಕೈಗೆ ಭಾರವೇ ಅನಿಸುವುದಿಲ್ಲ.

ಕೊಳ್ಳುವ ಮೊದಲು ಅಸಲಿ ಹೇಗಿರುತ್ತದೆ ನೋಡಬೇಕು ಅಂದರೆ, ಬೆಂಗಳೂರಿನಲ್ಲಿ ನಮ್ಮ ಎಂಇಜಿಯ, ಅಂದರೆ ಮದ್ರಾಸ್ ಇಂಜಿನಿಯರ್ ಗ್ರೂಪ್‌ನ, ಮದ್ರಾಸ್ ಸ್ಯಾಪರ್ಸ್ ಮ್ಯೂಸಿಯಂ ಇದೆ. 1780ರಿಂದ ಬಂದ ಪಡೆ ಅದು, ಹಳೆಯ ಸಮವಸ್ತ್ರಗಳೂ ಅಲ್ಲಿವೆ. ಸೇನೆಯ ಆವರಣದ ಒಳಗಿರುವುದರಿಂದ ಮೊದಲೇ ವಿಚಾರಿಸಿಕೊಂಡು ಹೋಗಿ.

ಮಳೆಗಾಲ, ನುಸಿ, ಪ್ರಯಾಣ

ಉಣ್ಣೆಯ ದೊಡ್ಡ ಶತ್ರು ನುಸಿ. ಅದರಲ್ಲೂ ಕೊಡಗು, ಮಲೆನಾಡಿನ ಮನೆಗಳಲ್ಲಿ ಜೂನ್ ಬಂತು ಅಂದರೆ ಬೀರುವಿನ ಒಳಗೇ ಬೂಷ್ಟು. ಒದ್ದೆ ಟೋಪಿ ಒಳಗಿಡಬೇಡಿ, ಪೂರ್ತಿ ಒಣಗಲಿ. ಬಟ್ಟೆ ಬ್ರಷ್‌ನಿಂದ ಉಜ್ಜಿ, ಬ್ಯಾಡ್ಜ್ ಕಳಚಿ, ಹತ್ತಿ ಬಟ್ಟೆಯ ಚೀಲದಲ್ಲಿ ನುಸಿಗುಳಿಗೆ ಜೊತೆ ಇಡಿ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿಯುತ್ತದೆ. ತಿಂಗಳಿಗೊಮ್ಮೆ ತೆಗೆದು ಗಾಳಿಗೆ ಹಾಕಿ. ವಾಷಿಂಗ್ ಮಷೀನು, ಇಸ್ತ್ರಿಪೆಟ್ಟಿಗೆ ಎರಡರಿಂದಲೂ ದೂರ ಇಡಿ.

ಬೆರೆಟ್ ಅನ್ನು ಪ್ಯಾಂಟಿನ ಜೇಬಿಗೆ ತುರುಕಬೇಡಿ, ಅಷ್ಟು ಕಷ್ಟಪಟ್ಟು ಕೊಟ್ಟ ಆಕಾರ ಒಂದು ಬಸ್ ಪ್ರಯಾಣದಲ್ಲಿ ಹೋಗುತ್ತದೆ. ಪೀಕ್ ಕ್ಯಾಪನ್ನು ಗಟ್ಟಿ ಡಬ್ಬದಲ್ಲಿ ಇಟ್ಟು, ಒಳಗಿನ ಟೊಳ್ಳಿಗೆ ಸಾಕ್ಸ್ ತುಂಬಿ. ವಿಮಾನದಲ್ಲಿ ಲಗೇಜಿಗೆ ಹಾಕದೆ ಕೈಯಲ್ಲೇ ಇರಲಿ. ನಮ್ಮ ಹುಡುಗಿ ಮೊದಲ ಪೋಸ್ಟಿಂಗಿಗೆ ರೈಲಿನಲ್ಲಿ ಹೊರಟಾಗ ಅವಳಮ್ಮ ಕ್ಯಾಪಿನ ಡಬ್ಬಕ್ಕೆ ಸಾಕ್ಸ್ ಬದಲು ಕೋಡುಬಳೆಯ ಪೊಟ್ಟಣ ತುಂಬಿದ್ದರು. ಆಕಾರ ಚೆನ್ನಾಗಿಯೇ ನಿಂತಿತ್ತಂತೆ. ಅಸ್ತರಿಗೆ ಹತ್ತಿದ ಎಣ್ಣೆ ಕಲೆ ಮಾತ್ರ ಹೋಗಲಿಲ್ಲ.